ಮೊದಲು ಬೆರಳು ನೋಡಿ, ಆಮೇಲೆ ಕತ್ತಿ ಗುರುತು

ಯುರೋಪಿನ ಹಳೇ ಪಿಂಗಾಣಿ ಗೊಂಬೆ ಕೈಗೆ ಸಿಕ್ಕ ತಕ್ಷಣ ಎಲ್ಲರೂ ಬೋರಲು ಹಾಕಿ ತಳ ನೋಡುತ್ತಾರೆ. ನಾನೂ ಹಾಗೇ ಮಾಡಿದವಳು. ನನ್ನ ಮೊದಲ ಗೊಂಬೆ ಹೂಬುಟ್ಟಿ ಹಿಡಿದ ಹುಡುಗಿ. ತಳದಲ್ಲಿ ಅಡ್ಡಡ್ಡ ಬಿದ್ದ ಎರಡು ನೀಲಿ ಕತ್ತಿ ಕಂಡಿದ್ದೇ ತಡ, ಜರ್ಮನಿಯ ಹೆಸರಾಂತ ಮೈಸನ್ ಪಿಂಗಾಣಿ ಕಾರ್ಖಾನೆಯದ್ದು ಎಂದುಕೊಂಡು ದುಡ್ಡು ಎಣಿಸಿಬಿಟ್ಟೆ. ಧೂಳು ಬಿಡಲಿ ಅಂತ ಬೆಚ್ಚನೆ ನೀರಲ್ಲಿ ಮುಳುಗಿಸಿಟ್ಟೆ. ಎತ್ತಿದರೆ ಎಡಗೈ ಬೋಗುಣಿಯಲ್ಲೇ ಉಳಿದಿತ್ತು. ಯಾರೋ ಅಂಟು ಹಾಕಿ, ಮೇಲೆ ಬಣ್ಣ ಬಳಿದು ದಾಟಿಸಿದ್ದರು.

ಅಂದಿನಿಂದ ಮೊದಲು ಬೆರಳು ನೋಡುತ್ತೇನೆ. ಆಮೇಲೆ ಕುತ್ತಿಗೆ, ಟೋಪಿಯ ಅಂಚು, ಹೂವಿನ ಎಸಳು. ಪೆಟ್ಟು ಬೀಳುವುದು ಇಲ್ಲೇ. ಉಗುರಿನ ತುದಿಯಿಂದ ಸವರಿ. ಮೂಲ ಪಿಂಗಾಣಿ ಗಾಜಿನಂತೆ ತಣ್ಣಗೆ, ಗಟ್ಟಿ. ರಿಪೇರಿಯಾದ ಜಾಗ ಮಂಕು, ತುಸು ಬೆಚ್ಚಗೆ. ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಮೇಲೆ ಬಳಿದ ಬಣ್ಣ ಸಾಮಾನ್ಯವಾಗಿ ಬೇರೆಯೇ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಸುಡುವಾಗಲೇ ತಳದಲ್ಲಿ ಬಿಟ್ಟ ಬಿರುಕಿಗೆ ಮಾತ್ರ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಇನ್ನು ಕತ್ತಿ. ಮೈಸನ್ ಕಾರ್ಖಾನೆ ಶುರುವಾದದ್ದು 1710ರಲ್ಲಿ, ಕತ್ತಿ ಗುರುತು ಬಂದದ್ದು 1720ರ ದಶಕದಲ್ಲಿ. ಬಂದಾಗಿನಿಂದ ಅದನ್ನು ಕದ್ದವರಿಗೆ ಲೆಕ್ಕವಿಲ್ಲ. ಕತ್ತಿಗಳ ಮೇಲೆ ಅಡ್ಡ ಗೀರು ಇದ್ದರೆ ಅದು ಸಾಮಾನ್ಯವಾಗಿ ಎರಡನೇ ದರ್ಜೆಯ ಮಾಲು, ಇಲ್ಲವೇ ಬಣ್ಣ ಹಾಕದೆ ಮಾರಿದ್ದು. ತಳದಲ್ಲಿ ಇಂಗ್ಲಿಷಿನಲ್ಲಿ 'ಜರ್ಮನಿ' ಅಂತಿದೆಯೇ? ತಯಾರಾದ ದೇಶದ ಹೆಸರು ಆಮದು ಸರಕಿನ ಮೇಲೆ ಇರಲೇಬೇಕೆಂದದ್ದು ಅಮೆರಿಕದ 1890ರ ಸುಂಕದ ಕಾನೂನು. ಅಂಥ ಗೊಂಬೆಯನ್ನು 18ನೇ ಶತಮಾನದ್ದು ಅಂದವರಿಗೆ ನಮಸ್ಕಾರ ಹೇಳಿ ಹೊರಡಿ.

'ಕೆಂಡ್ಲರ್ ಮಾದರಿ' ಎಂಬ ಮಾತಿಗೂ ಮರುಳಾಗಬೇಡಿ. ಶಿಲ್ಪಿ ಯೋಹಾನ್ ಯೋಆಕಿಮ್ ಕೆಂಡ್ಲರ್ ಮೈಸನ್‌ಗೆ ಸೇರಿದ್ದು 1731ರಲ್ಲಿ. ಅವನು ರೂಪಿಸಿದ ಕೋತಿಗಳ ವಾದ್ಯಗೋಷ್ಠಿಯನ್ನು ಕಾರ್ಖಾನೆ ನಂತರದ ಶತಮಾನಗಳಲ್ಲೂ ಮಾಡುತ್ತಾ ಬಂದಿದೆ. ಮಾದರಿಯ ವಯಸ್ಸೇ ಬೇರೆ, ನಿಮ್ಮ ಕೈಲಿರುವ ಕೋತಿಯ ವಯಸ್ಸೇ ಬೇರೆ.

ನನ್ನ ಚೀಲದಲ್ಲಿ ಸದಾ ಒಂದು ಅಳತೆ ಟೇಪು ಇರುತ್ತದೆ. ಪಿಂಗಾಣಿ ಸುಟ್ಟಾಗ ಸುಮಾರು ಆರನೇ ಒಂದು ಭಾಗ ಕುಗ್ಗುತ್ತದೆ. ಹಾಗಾಗಿ ಸಿದ್ಧ ಗೊಂಬೆಯಿಂದಲೇ ಅಚ್ಚು ತೆಗೆದು ನಕಲು ಮಾಡಿದರೆ ನಕಲು ಗಿಡ್ಡವಾಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನ ಗೊಂಬೆಗಳ ಎತ್ತರವನ್ನು ಆನ್‌ಲೈನಿನಲ್ಲೇ ಕೊಡುತ್ತದೆ, ಹೋಲಿಸಿ ನೋಡಿ. ನನ್ನ ಹುಡುಗಿಯನ್ನು ತಡವಾಗಿ ಅಳೆದೆ. ಎರಡು ಬೆರಳು ಗಿಡ್ಡ.

ಲೇಸ್ ಲಂಗದ ಗೊಂಬೆ ತಂದರೆ ನೀರಿನ ಹತ್ತಿರ ಒಯ್ಯಲೇಬೇಡಿ. ನಿಜವಾದ ಲೇಸನ್ನು ಪಿಂಗಾಣಿ ಮಣ್ಣಿನ ಗಂಜಿಯಲ್ಲಿ ಅದ್ದಿ ಸುಡುತ್ತಾರೆ; ನೂಲು ಸುಟ್ಟುಹೋಗಿ ಉಳಿಯುವುದು ಅದರ ತೆಳು ಚಿಪ್ಪು ಮಾತ್ರ. ಒಣಗಿದ ಮೆತ್ತನೆ ಬ್ರಷ್ಷು ಸಾಕು. ಎತ್ತುವಾಗಲೂ ಅಷ್ಟೇ, ಸೊಂಟಕ್ಕೆ ಕೈ ಹಾಕದೆ ತಳ ಹಿಡಿದು ಎತ್ತಿ.