ಕಾರಿನ ಗಾಜು ಗೆರೆ ಇಲ್ಲದೆ ಒರೆಸುವುದು: ನಾನು ಮಾಡುವ ರೀತಿ

ಕಾರಿನ ಗಾಜು ಒರೆಸಿದ ಮೇಲೆ ಗೆರೆ ಕಂಡರೆ ಹೆಚ್ಚಿನವರು ಇನ್ನೊಂದಿಷ್ಟು ಸ್ಪ್ರೇ ಹೊಡೆದು ಇನ್ನೂ ಜೋರಾಗಿ ಉಜ್ಜುತ್ತಾರೆ. ಆಗ ಗೆರೆ ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ. ನಾವು ಹಾಕಿದ ನೀರೋ ಸ್ಪ್ರೇಯೋ ಕೊಳೆಯನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಗಾಜಿನ ಮೇಲೇ ಒಣಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಜಿಡ್ಡು, ಸೋಪು, ಸುಣ್ಣದಂಶ ಅಲ್ಲೇ ಕೂರುತ್ತವೆ. ನಮ್ಮ ಕಣ್ಣಿಗೆ ಕಾಣುವ ಗೆರೆ ಅದೇ. ಹಾಗಾಗಿ ನಾನು ಗಮನ ಇಡುವುದು ಒಂದೇ ವಿಷಯಕ್ಕೆ: ಗಾಜಿಗೆ ಹಾಕಿದ ದ್ರವ ತಾನಾಗಿ ಒಣಗಬಾರದು, ಅದು ಪೂರ್ತಿ ಬಟ್ಟೆಗೆ ಬರಬೇಕು. ಯಾವ ಸ್ಪ್ರೇ, ಯಾವ ಕಂಪನಿ ಅನ್ನುವುದೆಲ್ಲ ಆಮೇಲಿನ ಮಾತು.

ಕಣ್ಣಿಗೆ ಹೆಚ್ಚು ತೊಂದರೆ ಕೊಡುವುದು ಮುಂದಿನ ಗಾಜಿನ ಒಳಮೈ. ಒಳಗೆ ಮಳೆ ಬೀಳುವುದಿಲ್ಲ, ಕೆಸರು ಹಾರುವುದಿಲ್ಲ, ಆದರೂ ಅಲ್ಲಿ ತೆಳ್ಳಗೆ ಮಬ್ಬು ಕಟ್ಟುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದರಲ್ಲಿ ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಬಿಸಿಲಿಗೆ ನಿಂತ ಕಾರಿನಲ್ಲಿ ಅವು ನಿಧಾನವಾಗಿ ಆವಿಯಾಗಿ ಮೇಲೆದ್ದು ಗಾಜಿಗೆ ಹೋಗಿ ಅಂಟುತ್ತವೆ. ಹೊಸ ಕಾರಿನ ವಾಸನೆ ಅಂತೀವಲ್ಲ, ಅದರಲ್ಲಿ ಇಂಥ ಆವಿಗಳ ಪಾಲೂ ಇದೆ, ಅದಕ್ಕೇ ಹೊಸ ಕಾರಿನ ಗಾಜು ಒಳಗಿನಿಂದ ಬೇಗ ಮಬ್ಬಾಗುತ್ತದೆ. ಇದರ ಜೊತೆಗೆ ಬೆರಳಿನ ಜಿಡ್ಡು, ಧೂಳು, ಯಾರಾದರೂ ಒಳಗೆ ಸಿಗರೇಟ್ ಸೇದಿದರೆ ಅದರ ಹೊಗೆ. ಹಗಲು ಹೊತ್ತು ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಬಿದ್ದಾಗ ಮಾತ್ರ ಬೆಳಕು ಗಾಜಿನ ತುಂಬ ಹರಡಿಕೊಳ್ಳುತ್ತದೆ, ರಸ್ತೆ ಅಂಚಿನಲ್ಲಿ ನಡೆದು ಹೋಗುತ್ತಿರುವವರು ಆ ಬೆಳಕಿನಲ್ಲಿ ಮರೆಯಾಗಿಬಿಡುತ್ತಾರೆ. ಗಾಜಿನ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಕಾರು ಚೆಂದ ಕಾಣುವುದು ಆಮೇಲೆ, ಮೊದಲು ಎದುರಿಗೆ ಯಾರಿದ್ದಾರೆ ಅಂತ ಕಾಣಬೇಕಲ್ವಾ.

ಗಾಜು ಒರೆಸುವುದು ನನ್ನ ಪಟ್ಟಿಯಲ್ಲಿ ಕೊನೆಯ ಕೆಲಸ. ಕಾರು ತೊಳೆದು, ಒಳಗೆ ಧೂಳು ತೆಗೆದು, ಡ್ಯಾಶ್‌ಬೋರ್ಡ್ ಒರೆಸಿ ಆದ ಮೇಲೆಯೇ ಗಾಜಿಗೆ ಕೈ ಹಾಕುತ್ತೇನೆ. ಮೊದಲೇ ಗಾಜು ಒರೆಸಿದರೆ ಡ್ಯಾಶ್‌ಬೋರ್ಡಿಗೆ ಹೊಡೆಯುವ ಪಾಲಿಶ್ ಹಾರಿ ಅದರ ಮೇಲೇ ಕೂರುತ್ತದೆ. ಆ ಪಾಲಿಶ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸಿಲಿಕೋನ್ ಇರುತ್ತದೆ, ಅದು ಗಾಜಿಗೆ ಹಿಡಿದರೆ ಬಿಡಿಸುವುದು ಕಷ್ಟ. ಕಾರು ತೊಳೆಯುವ ಶಾಂಪೂ ವಿಷಯವೂ ಹಾಗೇ. ವ್ಯಾಕ್ಸ್ ಸೇರಿದ ಶಾಂಪೂ ಬಾಡಿಗೆ ಹೊಳಪು ಕೊಡುತ್ತದೆ, ಮುಂದಿನ ಗಾಜಿನ ಮೇಲೆ ಅದೇ ವ್ಯಾಕ್ಸ್ ವೈಪರ್ ಓಡಿದಾಗೆಲ್ಲ ಮಬ್ಬು ಮಬ್ಬಾಗಿ ಎಳೆದುಕೊಳ್ಳುತ್ತದೆ.

ಕಾರು ನೆರಳಿನಲ್ಲಿರಬೇಕು, ಗಾಜು ಮುಟ್ಟಿದರೆ ತಣ್ಣಗಿರಬೇಕು. ಬಿಸಿಲಿನಿಂದ ಈಗ ತಾನೇ ತಂದು ನಿಲ್ಲಿಸಿದ್ದರೆ ಬಾಗಿಲುಗಳನ್ನು ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟುಬಿಡುತ್ತೇನೆ. ಬಿಸಿ ಗಾಜಿನ ಮೇಲೆ ಸ್ಪ್ರೇ ಬಿದ್ದ ತಕ್ಷಣ ಅಂಚಿನಿಂದ ಒಣಗಲು ಶುರುವಾಗುತ್ತದೆ, ನಮ್ಮ ಬಟ್ಟೆ ಅಲ್ಲಿಗೆ ತಲುಪುವಷ್ಟರಲ್ಲಿ ಗೆರೆ ಕೂತಾಗಿರುತ್ತದೆ. ಎಷ್ಟು ಒಳ್ಳೆಯ ಬಟ್ಟೆ ಇದ್ದರೂ ಇಲ್ಲಿ ಉಪಯೋಗವಿಲ್ಲ.

ಇನ್ನು ಬಟ್ಟೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಹಳೆಯ ಬನಿಯನ್ನು, ಟವೆಲ್ಲು ಯಾವುದೂ ಬೇಡ, ಹತ್ತಿ ಬಟ್ಟೆ ನೂಲಿನ ಎಳೆ ಬಿಡುತ್ತದೆ. ಪೇಪರ್ ಟವೆಲ್ಲೂ ಪುಡಿ ಉದುರಿಸುತ್ತದೆ. ದಿನಪತ್ರಿಕೆಯಿಂದ ಒರೆಸುವವರು ಈಗಲೂ ಇದ್ದಾರೆ, ಅದು ಎಳೆ ಬಿಡುವುದಿಲ್ಲ ಅನ್ನುವುದು ನಿಜ, ಆದರೆ ಮಸಿ ಕೈಗೆ, ಬಾಗಿಲಿನ ರಬ್ಬರಿಗೆ, ತಿಳಿ ಬಣ್ಣದ ಒಳಮೈಗೆ ಹತ್ತುತ್ತದೆ. ನಾನು ಬಳಸುವುದು ಮೈಕ್ರೋಫೈಬರ್, ಅದರಲ್ಲೂ ಕಾರಿನ ಬಾಡಿಗೆ ಬಳಸುವ ದಪ್ಪ ರೋಮದ್ದಲ್ಲ, ರೋಮ ಚಿಕ್ಕದಾಗಿರುವ ತೆಳ್ಳನೆಯದು, ಇಲ್ಲವೇ ಚೌಕ ಚೌಕವಾಗಿ ನೇಯ್ದದ್ದು. ದಪ್ಪ ಬಟ್ಟೆ ನೀರನ್ನು ಜಾಸ್ತಿ ಕುಡಿಯುತ್ತದೆ, ಒತ್ತಿದಾಗ ವಾಪಸ್ ಗಾಜಿಗೇ ಬಿಡುತ್ತದೆ.

2 ಬಟ್ಟೆ ಬೇಕೇ ಬೇಕು. ಒಂದು ಕೊಳೆ ಎತ್ತಲು, ಇನ್ನೊಂದು ಒಣಗಿಸಲು. ಒಂದೇ ಬಟ್ಟೆಯಲ್ಲಿ ಎರಡೂ ಮಾಡಹೊರಟರೆ ಎತ್ತಿದ ಜಿಡ್ಡನ್ನೇ ಮತ್ತೆ ಹಚ್ಚಿದ ಹಾಗಾಗುತ್ತದೆ. ಒಣಗಿಸುವ ಬಟ್ಟೆ ಪೂರ್ತಿ ಒಣಗಿರಬೇಕು, ಅದನ್ನು ಬೇರೆ ಯಾವುದಕ್ಕೂ ಮುಟ್ಟಿಸುವುದಿಲ್ಲ. ಬಟ್ಟೆಯನ್ನು ಎರಡು ಸಲ ಮಡಚಿದರೆ ಒಟ್ಟು 8 ಮುಖ ಸಿಗುತ್ತವೆ. ಮುಂದಿನ ಗಾಜು ಮುಗಿಯುವಷ್ಟರಲ್ಲಿ ಮುಖ ತಿರುಗಿಸಿ ತಿರುಗಿಸಿ ಹೊಸ ಜಾಗಕ್ಕೆ ಬಂದಿರುತ್ತೇನೆ. ಮುದ್ದೆ ಮಾಡಿ ಹಿಡಿದರೆ ಯಾವ ಭಾಗ ಕೊಳೆಯಾಗಿದೆ ಅಂತಲೇ ಗೊತ್ತಾಗುವುದಿಲ್ಲ, ಒತ್ತಡವೂ ಒಂದೇ ಸಮ ಬೀಳುವುದಿಲ್ಲ.

ದ್ರವದ ವಿಷಯದಲ್ಲಿ ನಾನು ಸರಳ. ಅಂಗಡಿಯಲ್ಲಿ ಸಿಗುವ ಗ್ಲಾಸ್ ಕ್ಲೀನರ್ ಸಾಕು, ಅಮೋನಿಯಾ ಇಲ್ಲದ್ದು ಅಂತ ನೋಡಿಕೊಂಡರೆ ಆಯಿತು. ಅಮೋನಿಯಾ ಟಿಂಟ್ ಫಿಲ್ಮ್ ಹಾಳು ಮಾಡುತ್ತದೆ, ಮುಚ್ಚಿದ ಕಾರಿನೊಳಗೆ ಅದರ ಘಾಟೂ ಒಳ್ಳೆಯದಲ್ಲ. ಮನೆಯಲ್ಲೇ ಮಾಡಿಕೊಳ್ಳುವಾಗ 70% ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿ, ಒಂದು ಚಮಚ ಬಿಳಿ ವಿನೆಗರ್ ಸೇರಿಸುತ್ತೇನೆ. ಆಲ್ಕೋಹಾಲ್ ಜಿಡ್ಡನ್ನು ಬಿಡಿಸುತ್ತದೆ, ಬೇಗ ಆರುತ್ತದೆ, ಹಿಂದೆ ಏನೂ ಬಿಡುವುದಿಲ್ಲ. ಡಿಸ್ಟಿಲ್ಡ್ ವಾಟರ್ ಅಂದರೆ ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ. ನಲ್ಲಿ ಅಥವಾ ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ, ಒಣಗಿದರೆ ಬಿಳಿ ಕಲೆ ಗ್ಯಾರಂಟಿ. ಎರಡು ಎಚ್ಚರಿಕೆ. ಆಲ್ಕೋಹಾಲ್‌ಗೆ ಬೆಂಕಿ ಹತ್ತುತ್ತದೆ, ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ. ಈ ಮಿಶ್ರಣಕ್ಕೆ ಬ್ಲೀಚ್ ಅಪ್ಪಿತಪ್ಪಿಯೂ ಸೇರಿಸಬೇಡಿ, ವಿಷಕಾರಿ ಅನಿಲ ಬರುತ್ತದೆ.

ಒಳಗೆ ನಾನು ಗಾಜಿಗೆ ಸ್ಪ್ರೇ ಹೊಡೆಯುವುದೇ ಇಲ್ಲ, ಬಟ್ಟೆಗೆ ಹೊಡೆಯುತ್ತೇನೆ. ಗಾಜಿಗೆ ಹೊಡೆದರೆ ಹನಿ ಕೆಳಗಿಳಿದು ಡ್ಯಾಶ್‌ಬೋರ್ಡಿನ ಸಂದಿಗೆ, ಸ್ಪೀಕರಿಗೆ, ಸ್ವಿಚ್ಚುಗಳಿಗೆ ಹೋಗುತ್ತದೆ. ಒಳ ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಇರುವ ಕಾರುಗಳಲ್ಲಂತೂ ಇನ್ನೂ ಜೋಪಾನ. ಸ್ಪೀಡೋಮೀಟರ್ ಮೇಲಿನ ಪಾರದರ್ಶಕ ಪ್ಲಾಸ್ಟಿಕ್‌ಗೂ ಆಲ್ಕೋಹಾಲ್ ತಾಗಿಸುವುದಿಲ್ಲ, ಅದರಲ್ಲಿ ಸಣ್ಣ ಸಣ್ಣ ಬಿರುಕು ಬರಬಹುದು. ಬಟ್ಟೆ ಎಷ್ಟು ಒದ್ದೆ ಇರಬೇಕು ಅಂದರೆ, ಒರೆಸಿದ ಹಿಂದೆಯೇ ಗಾಜಿನ ಮೇಲೆ ತೇವದ ಪದರ ಕಾಣಬೇಕು, ಆದರೆ ಒಂದು ಹನಿಯೂ ಇಳಿಯಬಾರದು.

ಮುಂದಿನ ಗಾಜಿಗೆ ಡ್ರೈವರ್ ಸೀಟಿನಲ್ಲಿ ಕೂತರೆ ಸ್ಟೀರಿಂಗ್ ಅಡ್ಡ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತು, ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಅಲ್ಲಿಂದಲೇ ಎಷ್ಟು ದೂರ ಕೈ ಹೋಗುತ್ತದೋ ಅಷ್ಟು ಒರೆಸುತ್ತೇನೆ, ಆಮೇಲೆ ಆ ಕಡೆಗೆ ಹೋಗುತ್ತೇನೆ. ಗಾಜು ಮತ್ತು ಡ್ಯಾಶ್‌ಬೋರ್ಡ್ ಸೇರುವ ಆ ಇಕ್ಕಟ್ಟಾದ ಮೂಲೆಯಲ್ಲೇ ಮಬ್ಬು ಹೆಚ್ಚು ಉಳಿಯುವುದು. ಅಲ್ಲಿಗೆ ಅಂಗೈ ಹೋಗುವುದಿಲ್ಲ, ಮಣಿಕಟ್ಟು ತಿರುಗುವುದಿಲ್ಲ. ಕೈಯನ್ನು ತಿರುಗಿಸಿ, ಬಟ್ಟೆಯನ್ನು ಬೆರಳುಗಳ ಹಿಂಬದಿಗೆ ಹಾಕಿಕೊಂಡು, ಉಗುರಿನ ಕಡೆಯಿಂದ ಗಾಜಿಗೆ ಒತ್ತಿದರೆ ಬೆರಳು ತುದಿಯವರೆಗೂ ತಲುಪುತ್ತದೆ. ಹಾಗೇ ಎಡದಿಂದ ಬಲಕ್ಕೆ ಒಂದೊಂದು ಗೇಣು ಸರಿಯುತ್ತಾ ಹೋಗುವುದು. ಉದ್ದ ಹಿಡಿಯ ತಿರುಗುವ ಪ್ಯಾಡ್ ಸಿಗುತ್ತದೆ, ತುಂಬ ಇಳಿಜಾರಾದ ಗಾಜಿಗೆ ಅದು ಒಳ್ಳೆಯದೇ, ಆದರೆ ಅದರಲ್ಲಿ ಒತ್ತಡ ಎಷ್ಟು ಬೀಳುತ್ತಿದೆ ಅಂತ ಕೈಗೆ ಸರಿಯಾಗಿ ತಿಳಿಯುವುದಿಲ್ಲ ಅಂತ ನನಗನಿಸುತ್ತದೆ.

ಇಡೀ ಗಾಜನ್ನು ಒಟ್ಟಿಗೆ ಒದ್ದೆ ಮಾಡುವುದಿಲ್ಲ. ಅರ್ಧ ಗಾಜು, ಅದು ದೊಡ್ಡದಾದರೆ ಕಾಲು ಭಾಗ. ಒದ್ದೆ ಬಟ್ಟೆ ಬಲಗೈಯಲ್ಲಿ, ಒಣಬಟ್ಟೆ ಎಡಗೈಯಲ್ಲಿ, ಒಂದರ ಹಿಂದೆ ಒಂದು. ಬಹಳ ದಿನದಿಂದ ಒರೆಸದ ಗಾಜಾದರೆ ಮೊದಲ ಸುತ್ತಿನಲ್ಲಿ ಬಟ್ಟೆ ಗಾಜಿನ ಮೇಲೆ ಸ್ವಲ್ಪ ಹಿಡಿದುಕೊಂಡ ಹಾಗೆ ಆಗುತ್ತದೆ, ಸರಾಗವಾಗಿ ಜಾರುವುದಿಲ್ಲ, ಬಟ್ಟೆ ತಿರುಗಿಸಿ ನೋಡಿದರೆ ಬೂದು ಬಣ್ಣದ ಪಟ್ಟೆ. ಅದು ಪದರದ ಮೇಲ್ಭಾಗ ಮಾತ್ರ. ಹೊಸ ಮುಖ ತಿರುಗಿಸಿ ಅದೇ ಜಾಗವನ್ನು ಇನ್ನೊಮ್ಮೆ ಒರೆಸಬೇಕು. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಒಣಗಿಸುವ ಬಟ್ಟೆಯಿಂದ ಎಷ್ಟು ತಿಕ್ಕಿದರೂ ಮಬ್ಬು ವಾಪಸ್ ಬರುತ್ತದೆ. ಗೆರೆ ಹೋಗುತ್ತಿಲ್ಲ ಅನ್ನುವ ಎಷ್ಟೋ ಜನರ ತೊಂದರೆ ಇಲ್ಲೇ ಇರುವುದು: ಒಣಗಿಸುವ ಹಂತ ಸರಿಯಾಗಿಯೇ ಇರುತ್ತದೆ, ಮೊದಲ ಹಂತ ಮುಗಿದಿರುವುದಿಲ್ಲ.

ಒಳಗೆ ಮೇಲಿನಿಂದ ಕೆಳಕ್ಕೆ, ಹೊರಗೆ ಎಡದಿಂದ ಬಲಕ್ಕೆ. ಕೊನೆಯ ಒರೆಸುವಿಕೆಯಲ್ಲಾದರೂ ಇದನ್ನು ಪಾಲಿಸಿ. ಆಮೇಲೆ ಒಂದು ಗೆರೆ ಕಂಡರೆ, ಅದು ನಿಂತಿದೆಯೋ ಮಲಗಿದೆಯೋ ನೋಡಿದರೆ ಸಾಕು, ಯಾವ ಕಡೆಯದ್ದು ಅಂತ ಗೊತ್ತಾಗುತ್ತದೆ. ಗುಂಡಗೆ ಸುತ್ತು ಸುತ್ತಾಗಿ ಒರೆಸಿದರೆ ಒಳಗೂ ಹೊರಗೂ ಓಡಾಡುತ್ತಾ ಸುಮ್ನೆ ಸಮಯ ಹಾಳು.

ಪಕ್ಕದ ಗಾಜುಗಳು ಸುಲಭ, ಒಂದು ಸಣ್ಣ ಕೆಲಸ ಮರೆಯದಿದ್ದರೆ. ಗಾಜನ್ನು ಎರಡು ಮೂರು ಬೆರಳಿನಷ್ಟು ಇಳಿಸಿ, ರಬ್ಬರಿನೊಳಗೆ ಅಡಗಿರುವ ಮೇಲಂಚನ್ನು ಮೊದಲು ಒರೆಸಿ, ಆಮೇಲೆ ಏರಿಸಿ ಉಳಿದದ್ದನ್ನು ಮುಗಿಸಿ. ಆ ಅಂಚಿನಲ್ಲಿ ಕಪ್ಪು ಕೊಳೆಯ ಸಾಲು ಇರುತ್ತದೆ. ಬಿಟ್ಟರೆ ಮುಂದಿನ ಸಲ ಗಾಜು ಇಳಿಸಿ ಏರಿಸಿದಾಗ ಅದು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಹಿಂದಿನ ಗಾಜಿನ ಒಳಗೆ ಮಂಜು ಕರಗಿಸುವ ತೆಳು ತಂತಿಗಳಂಥ ಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಒರೆಸುತ್ತೇನೆ, ಮೇಲೆ ಕೆಳಗೆ ನಿಯಮ ಅಲ್ಲಿ ಬಿಟ್ಟುಬಿಡುತ್ತೇನೆ. ಅಲ್ಲಿ ಬ್ಲೇಡು, ಒರಟು ಸ್ಕ್ರಬ್ಬರ್ ಮುಟ್ಟಿಸುವ ಹಾಗೇ ಇಲ್ಲ, ಒಂದು ಕಡೆ ಕಿತ್ತರೂ ಆ ಗೆರೆ ಕೆಲಸ ಮಾಡುವುದಿಲ್ಲ.

ಹೊರಗಿನ ಗಾಜಿಗೆ ಮೊದಲು ಧಾರಾಳವಾಗಿ ನೀರು. ಮರಳು, ಧೂಳು ಇರುವಾಗ ಒಣಬಟ್ಟೆ ಹಾಕಿ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ, ಅದನ್ನು ಯಾವ ಸ್ಪ್ರೇಯೂ ತೆಗೆಯುವುದಿಲ್ಲ. ಒಣಗಿ ಅಂಟಿದ ಹುಳು, ಹಕ್ಕಿ ಹಿಕ್ಕೆ ಇದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಗೇ ಹಾಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ನೆನೆದ ಮೇಲೆ ತಾನಾಗಿ ಬಿಡುತ್ತದೆ. ಗಡಸು ನೀರಿನ ಬಿಳಿ ಚುಕ್ಕೆಗಳಿಗೆ ವಿನೆಗರ್ ಹೀಗೇ ಬಟ್ಟೆಯಲ್ಲಿ ನೆನೆಸಿ ಹಾಕಿದರೆ ಸುಣ್ಣದಂಶ ಕರಗುತ್ತದೆ, ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯಬೇಕು. ತೊಳೆದ ಮೇಲೂ ಕೈಯಾಡಿಸಿದರೆ ಗಾಜು ತರಿ ತರಿ ಅನಿಸಿದರೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ, ಬಳಸುತ್ತೇನೆ, ನೀರು ಮತ್ತು ಸೋಪಿನ ಜಾರಿಕೆ ಇಟ್ಟುಕೊಂಡು, ಒಣಗಿದ ಗಾಜಿನ ಮೇಲೆ ಎಂದೂ ಅಲ್ಲ. ವಿನೆಗರ್‌ಗೂ ಕ್ಲೇಗೂ ಹೋಗದ ಹಳೆಯ ಕಲೆ ಗಾಜಿನೊಳಕ್ಕೇ ಕಚ್ಚಿರುತ್ತದೆ, ಅದಕ್ಕೆ ಗಾಜನ್ನೇ ಉಜ್ಜಿ ನಯ ಮಾಡುವ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕು. ಆ ಕೆಲಸ ಗೊತ್ತಿರುವವರ ಕೈಗೆ ಕೊಡುವುದೇ ಲೇಸು, ಒಂದೇ ಕಡೆ ಜಾಸ್ತಿ ಉಜ್ಜಿದರೆ ಅಲ್ಲಿ ನೋಟ ಡೊಂಕಾಗಿ ಕಾಣುತ್ತದೆ.

ಮುಗಿಯಿತೋ ಇಲ್ಲವೋ ಅಂತ ನೋಡಲು ಎದುರು ನಿಂತು ದಿಟ್ಟಿಸಿದರೆ ಪ್ರಯೋಜನವಿಲ್ಲ. ಟಾರ್ಚನ್ನೋ ಫೋನಿನ ಬೆಳಕನ್ನೋ ಗಾಜಿಗೆ ಓರೆಯಾಗಿ ಹಿಡಿದು ಪಕ್ಕದಿಂದ ನೋಡಿ. ಇಲ್ಲವೇ ಗಾಜಿನ ಹತ್ತಿರ ಬಾಯಿಟ್ಟು ಹಾ ಅಂತ ಬಿಸಿ ಉಸಿರು ಬಿಡಿ. ಶುದ್ಧವಾದ ಕಡೆ ಆವಿ ಒಂದೇ ಸಮ ಹರಡಿ ಒಂದೇ ಸಮ ಆರುತ್ತದೆ, ಜಿಡ್ಡು ಉಳಿದ ಕಡೆ ಬಟ್ಟೆ ಓಡಿದ ದಾರಿ, ಬೆರಳಿನ ಗುರುತು ಎಲ್ಲ ಎದ್ದು ಕಾಣುತ್ತದೆ. ಅಲ್ಲಿಗೆ ಮಾತ್ರ ಒಂದು ಸಲ ಒದ್ದೆ, ಒಂದು ಸಲ ಒಣ.

ಗಾಜು ಎಷ್ಟೇ ಚೆನ್ನಾಗಿ ಒರೆಸಿದರೂ ವೈಪರ್ ಕೊಳೆಯಾಗಿದ್ದರೆ ಮೊದಲ ಮಳೆಗೇ ಎಲ್ಲ ನೀರು ಪಾಲು. ವೈಪರ್ ಎತ್ತಿ ನಿಲ್ಲಿಸಿ, ಅದೇ ಆಲ್ಕೋಹಾಲ್ ಮಿಶ್ರಣದ ಬಟ್ಟೆಯನ್ನು ರಬ್ಬರಿನ ಅಂಚಿಗೆ ಚಿವುಟಿ ಹಿಡಿದು ಉದ್ದಕ್ಕೂ ಎಳೆಯುತ್ತೇನೆ. ಬಟ್ಟೆಗೆ ಕಪ್ಪು ಹತ್ತುತ್ತದೆ, ಕಡಿಮೆಯಾಗುವ ತನಕ ಎಳೆಯುವುದು. ಅಂಚು ಹರಿದಿದ್ದರೆ, ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಬದಲಾಯಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಎತ್ತಿ ನಿಲ್ಲಿಸಿದ ವೈಪರ್ ತೋಳು ಕೈ ತಪ್ಪಿ ರಪ್ಪನೆ ಬಿದ್ದರೆ ಗಾಜೇ ಒಡೆಯಬಹುದು, ಕೈ ಹಿಡಿದೇ ಇಳಿಸಿ.

ಕೆಲಸ ಆದ ಮೇಲೆ ಬಟ್ಟೆಗಳನ್ನು ಹಾಗೇ ಡಿಕ್ಕಿಗೆ ಎಸೆಯುವುದಿಲ್ಲ. ಅವನ್ನು ಬೇರೆಯಾಗಿಯೇ ಒಗೆಯಬೇಕು, ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ಎಳೆ ಇದಕ್ಕೆ ಅಂಟುತ್ತದೆ. ಬಟ್ಟೆ ಮೆದುವಾಗಿಸುವ ಸಾಫ್ಟನರ್ ಹಾಕಲೇಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಲೇಪ ಬಿಡುತ್ತದೆ, ಮುಂದಿನ ಸಲ ಆ ಲೇಪವೇ ಗಾಜಿಗೆ ಬರುತ್ತದೆ. ಕಡಿಮೆ ಸೋಪು, ಎರಡು ಮೂರು ಸಲ ನೀರು, ಗಾಳಿಯಲ್ಲಿ ಒಣಗಿಸುವುದು. ಒಣಗಿದ ಮೇಲೆ ಗಾಜಿನ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ ಬೇರೆ ಇಡುತ್ತೇನೆ, ಡ್ಯಾಶ್‌ಬೋರ್ಡ್ ಪಾಲಿಶ್ ಹತ್ತಿದ ಬಟ್ಟೆ ಅದರೊಳಗೆ ಸೇರದ ಹಾಗೆ.