ಅಂಚು ಹೋಯಿತು, ನೆರಳು ಉಳಿಯಿತು

ಚಿನ್ನದಂಗಡಿಯ ಬಿಲ್ಲಿಂಗ್ ತಂತ್ರಾಂಶಕ್ಕೆ ವಿಂಡೋಸ್‌ನ ಬಿಳಿ ಶೀರ್ಷಿಕೆಪಟ್ಟಿ ಬೇಡವೇ ಬೇಡ ಎಂದು ಮಾಲೀಕರು ಹಟ ಹಿಡಿದರು. ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ತಂತ್ರಾಂಶ ಬರೆಯುವ ಮೈಕ್ರೋಸಾಫ್ಟ್ ಸಲಕರಣೆ) ಅದು ನೆಟ್ಟಗೆ ಆಗುವುದಿಲ್ಲ, ವಿಂಡೋದ ರೂಪ ಬದಲಿಸುವ ಸಿದ್ಧ ಸ್ಕಿನ್ ಕಿಟ್ ಕೊಂಡುಬಿಡಿ ಎಂದರು ಜೊತೆಗಾರರು. ಕಿಟ್‌ಗೆ ವರ್ಷಕ್ಕೆ ಸುಮಾರು 70 ಸಾವಿರ. ಇಡೀ ಕೆಲಸಕ್ಕೆ ನನಗೆ ಸಿಗುವುದೇ ಒಂದೂವರೆ ಲಕ್ಷದ ಆಸುಪಾಸು. ಕೊಳ್ಳಲಿಲ್ಲ. ಈಗ ಆರೇಳು ಕೌಂಟರ್‌ಗಳಲ್ಲಿ ನನ್ನದೇ ಚೌಕಟ್ಟು ಓಡುತ್ತಿದೆ.

ಫಾರ್ಮ್‌ಬಾರ್ಡರ್‌ಸ್ಟೈಲನ್ನು (ಫಾರ್ಮ್ ಎಂದರೆ ವಿಂಡೋ; ಇದು ಅದರ ಅಂಚಿನ ಬಗೆ) ‘ನನ್’ (None, ಅಂದರೆ ಅಂಚೇ ಇಲ್ಲ) ಮಾಡಿದರೆ ಏನಾಗುತ್ತದೆಂದು ನಿಮಗೂ ಗೊತ್ತು. ನೆರಳು ಹೋಗುತ್ತದೆ, ಪರದೆಯ ಬದಿಗೆ ಎಳೆದರೆ ಅರ್ಧಕ್ಕೆ ಕೂರುವುದಿಲ್ಲ, ಮ್ಯಾಕ್ಸಿಮೈಸ್ ಮಾಡಿದರೆ ಟಾಸ್ಕ್‌ಬಾರ್ ಮುಚ್ಚಿಹೋಗುತ್ತದೆ. ಮೌಸ್‌ಮೂವ್‌ನಲ್ಲಿ ಗಾತ್ರ ಬದಲಿಸುವ ಕೋಡ್ ಬರೆದು ನೋಡಿದೆ. ಗ್ರಿಡ್ (ಸಾಲು-ಕಂಬಗಳ ಪಟ್ಟಿ) ಮಿನುಗುವುದನ್ನು ನೋಡಲಾಗಲಿಲ್ಲ.

ಕೊನೆಗೆ ಹಿಡಿದದ್ದು ಉಲ್ಟಾ ದಾರಿ. ಸ್ಟೈಲ್ ‘ಸೈಜಬಲ್’ (ಅಂಚು ಹಿಡಿದು ಎಳೆಯಬಹುದಾದದ್ದು) ಆಗಿಯೇ ಇರಲಿ. ಎನ್‌ಸಿ‌ಕ್ಯಾಲ್ಕ್‌ಸೈಜ್ ಸಂದೇಶ (ಅಂಚಿಗೆ ಎಷ್ಟು ಜಾಗ ಎಂದು ವಿಂಡೋಸ್ ಕೇಳುವುದು) ಬಂದಾಗ ಮಾತ್ರ ಸೊನ್ನೆ ಮರಳಿಸಿ. ಅಂಚು ಇದೆಯೆಂದೇ ವಿಂಡೋಸ್ ನಂಬಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಡಿಡಬ್ಲ್ಯುಎಂ (ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ವಿಂಡೋಸ್ ಭಾಗ) ಚೌಕಟ್ಟನ್ನು ಒಂದು ಪಿಕ್ಸೆಲ್ ಒಳಕ್ಕೆ ಚಾಚಿದರೆ ನೆರಳೂ ಮರಳುತ್ತದೆ. ಮ್ಯಾಕ್ಸಿಮೈಸ್ ಆದಾಗ ಪ್ರತಿ ಬದಿಯೂ ಎಂಟು ಪಿಕ್ಸೆಲ್‌ನಷ್ಟು ಪರದೆಯಾಚೆ ಚಾಚುತ್ತದೆ, ಅದನ್ನು ಒಳಬದಿಯ ಖಾಲಿ ಜಾಗದಲ್ಲಿ, ಅಂದರೆ ಪ್ಯಾಡಿಂಗ್‌ನಲ್ಲಿ ಸರಿದೂಗಿಸಿ. ಮಿನಿಮೈಸ್ ಮಾಡಿ ಮರಳಿ ತಂದಾಗ ಫಾರ್ಮಿನ ಗಾತ್ರ ಬದಲಾಗುವ ಕಾಟ ಇದೆಯಲ್ಲ, ಅದಕ್ಕೆ ನನ್ನ ಬಳಿ ನಾಲ್ಕೈದು ಸಾಲಿನ ಮದ್ದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಕೈಯಿಂದ ದುಡ್ಡು ಹೋಗಿದ್ದು, ಮೌಸ್ ವಿಂಡೋದ ಯಾವ ಭಾಗದ ಮೇಲಿದೆ ಎಂದು ವಿಂಡೋಸ್ ಕೇಳುವ ಹಿಟ್‌ಟೆಸ್ಟ್‌ನಲ್ಲಿ. ಅಂಗಡಿಯಲ್ಲಿ ಗ್ರಾಹಕರ ಪರದೆ ಎಡಕ್ಕಿತ್ತು; ಅಲ್ಲಿ ವಿಂಡೋದ ಅಂಚು ಮೌಸಿಗೆ ಸಿಕ್ಕುತ್ತಲೇ ಇರಲಿಲ್ಲ. ಎಡದ ಪರದೆಯಲ್ಲಿ ಎಕ್ಸ್ (ಮೌಸಿನ ಅಡ್ಡ ಸ್ಥಾನ) ಬೆಲೆ ಋಣಾತ್ಮಕ. ಅದರ 16 ಬಿಟ್‌ಗಳನ್ನು ಚಿಹ್ನೆ ಬಿಟ್ಟು ಓದಿದರೆ −10 ಎನ್ನುವುದು 65,526 ಆಗಿ ಕೂರುತ್ತದೆ! ನನ್ನ ಮೇಜಿನ ಮೇಲೆ ಇರುವುದು ಒಂದೇ ಪರದೆ, ಹಾಗಾಗಿ ಅಂಗಡಿಗೇ ಹೋಗಿ ಕೂತು ಹುಡುಕಬೇಕಾಯಿತು. ಬಸ್ಸು, ಲಾಡ್ಜು ಸೇರಿ ಮೂರ್ನಾಲ್ಕು ಸಾವಿರ. ಇನ್ನೊಂದು: ಡಾಕ್ ಮಾಡಿದ ಪ್ಯಾನೆಲ್ (ಫಾರ್ಮಿನ ಬದಿಗೆ ಅಂಟಿಸಿದ ಒಳಚೌಕ) ಅಂಚಿನವರೆಗೂ ಹಬ್ಬಿದ್ದರೆ ಸಂದೇಶ ಫಾರ್ಮಿಗೆ ಮುಟ್ಟುವುದೇ ಇಲ್ಲ. ಅಂಚಿನ ಆ ಪಟ್ಟಿಯಲ್ಲಿ ಪ್ಯಾನೆಲ್ −1, ಅಂದರೆ ‘ನನ್ನನ್ನು ದಾಟಿ ಹೋಗು’ ಎಂದು ಮರಳಿಸಬೇಕು.

ವಿಂಡೋಸ್ 11ರಲ್ಲಿ ಅಂಚಿನ ಬಣ್ಣವನ್ನೇ ಬದಲಿಸಬಹುದು, ಡಿಡಬ್ಲ್ಯುಎಂನ 34ನೆಯ ಗುಣ, ಅಂದರೆ ಸೆಟ್ಟಿಂಗ್. ರದ್ದಾದ ಬಿಲ್ಲಿಗೆ ಕೆಂಪು ಅಂಚು ಬರಲೆಂದು ಆಟಕ್ಕೆ ಹಚ್ಚಿದೆ, ನೀಲಿ ಬಂತು. ಅಲ್ಲಿ ಬಣ್ಣಗಳ ಕ್ರಮ ಮಾಮೂಲಿಗೆ ಉಲ್ಟಾ: ನೀಲಿ, ಹಸಿರು, ಕೆಂಪು. ಸರಿಪಡಿಸಿದ ಮೇಲೆ ಮಾಲೀಕರಿಗೆ ಎಷ್ಟು ಹಿಡಿಸಿತೆಂದರೆ, ಮಾಮೂಲಿ ಬಿಲ್ಲಿಗೆ ಚಿನ್ನದ ಬಣ್ಣ ಕೇಳಿದರು. ಹಳೆಯ ವಿಂಡೋಸ್ 10 ಕೌಂಟರ್‌ಗಳಲ್ಲಿ ಈ ಸೌಲಭ್ಯವಿಲ್ಲ, ಅಲ್ಲಿ ಒಂದು ಪಿಕ್ಸೆಲ್ ಗೆರೆಯನ್ನು ನಾನೇ ಎಳೆದುಕೊಟ್ಟೆ. ಅದಕ್ಕೆ ಎರಡು ಸಾವಿರ ಬೇರೆಯಾಗಿ ಬರೆದೆ. ಚೌಕಾಸಿ ಮಾಡದೆ ಕೊಟ್ಟರು.