ಮೀಡಿಯಂ ಫಾರ್ಮ್ಯಾಟೋ, ಡಿಎಸ್‌ಎಲ್‌ಆರೋ: ಕೊಳ್ಳುವ ಮುನ್ನ ಹೋಲಿಸಿ ನೋಡುವ ಕ್ರಮ

ಕೊಡಗಿನಲ್ಲಿ ಮದುವೆ, ಹೋಂಸ್ಟೇ, ಕಾಫಿ ತೋಟಗಳ ಚಿತ್ರ ತೆಗೆದು ಬದುಕುವ ಛಾಯಾಗ್ರಾಹಕರ ಕಣ್ಣು ಒಂದಲ್ಲ ಒಂದು ದಿನ ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಮೇಲೆ ಬೀಳುತ್ತದೆ. ಬೆಂಗಳೂರಿನಿಂದ ಒಂದನ್ನು ಎರಡು ದಿನದ ಬಾಡಿಗೆಗೆ ತಂದು, ರಾಜಾಸೀಟಿನಲ್ಲಿ ಹತ್ತಾರು ಚಿತ್ರ ತೆಗೆದು, ತಮ್ಮ ಹಳೆಯ ಡಿಎಸ್‌ಎಲ್‌ಆರ್ ಚಿತ್ರಗಳ ಪಕ್ಕದಲ್ಲಿಟ್ಟು ಪರದೆಯ ಮೇಲೆ ಹಿಗ್ಗಿಸಿ ನೋಡಿ, ಮರುದಿನವೇ ಸಾಲಕ್ಕೆ ಅರ್ಜಿ ಹಾಕಿದವರನ್ನು ನಾನು ಕಂಡಿದ್ದೇನೆ. ಹಾಗೆ ಹೋಲಿಸಿದಾಗ ತಿಳಿಯುವುದು ಯಾವುದರಲ್ಲಿ ಪಿಕ್ಸೆಲ್ ಹೆಚ್ಚಿದೆ ಎಂಬುದಷ್ಟೇ. ಅದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ.

ಮೊದಲು ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಸೆನ್ಸರ್ 36×24 ಮಿ.ಮೀ. ಇರುತ್ತದೆ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಸರಣಿಯ ಮೀಡಿಯಂ ಫಾರ್ಮ್ಯಾಟ್ ಸೆನ್ಸರ್ ಸುಮಾರು 44×33 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಒಂದೂಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ. 120 ಎಂಬ ಅಗಲವಾದ ಫಿಲ್ಮ್ ಸುರುಳಿಯ ಕಾಲದ 56×56 ಮಿ.ಮೀ. ಚೌಕದ ಹೆಸರನ್ನು ಇದು ಹೊತ್ತುಕೊಂಡಿದೆಯಾದರೂ ಆ ಗಾತ್ರವನ್ನು ಹೊತ್ತುಕೊಂಡಿಲ್ಲ.

ಎರಡನೆಯದಾಗಿ, ಗಟ್ಟಿಯಾದ ಟ್ರೈಪಾಡ್ ಹೊಂದಿಸಿಕೊಳ್ಳಿ. ತೂಕ ತೂಗಿಸಿದರೆ ಕಾಲು ಜಾರುವ ಅಗ್ಗದ ಅಲ್ಯೂಮಿನಿಯಂ ಟ್ರೈಪಾಡ್ ಮೇಲೆ ನೂರು ಮೆಗಾಪಿಕ್ಸೆಲ್ ಕ್ಯಾಮೆರಾ ಕೂರಿಸುವುದಕ್ಕಿಂತ ಪರೀಕ್ಷೆಯನ್ನೇ ಕೈಬಿಡುವುದು ಲೇಸು.

ಮೂರನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುವುದು: ಎರಡೂ ಚಿತ್ರಗಳನ್ನು ಸರಿಸಮಾನ ಮಾಡುವುದು. ಎರಡು ಕ್ಯಾಮೆರಾಗಳನ್ನೂ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ನಿಲ್ಲಿಸಬೇಕು. ಚೌಕಟ್ಟು ತುಂಬಲಿ ಎಂದು ಒಂದು ಹೆಜ್ಜೆ ಮುಂದೆ ಹೋದರೂ ಮುಖದ ಪ್ರಮಾಣ ಬದಲಾಗುತ್ತದೆ, ಆ ಬದಲಾವಣೆಯನ್ನು ಜನರು ಸೆನ್ಸರಿನ ಗುಣವೆಂದು ಭ್ರಮಿಸುತ್ತಾರೆ. ಚೌಕಟ್ಟನ್ನು ಲೆನ್ಸಿನಿಂದಲೇ ಹೊಂದಿಸಬೇಕು. ಮೀಡಿಯಂ ಫಾರ್ಮ್ಯಾಟ್ ಲೆನ್ಸಿನ ಎಂಎಂ ಸಂಖ್ಯೆಯನ್ನು 0.79ರಿಂದ ಗುಣಿಸಿದರೆ ಡಿಎಸ್‌ಎಲ್‌ಆರ್‌ಗೆ ಬೇಕಾದ ಲೆನ್ಸ್ ದೊರೆಯುತ್ತದೆ. 63 ಎಂಎಂಗೆ ಜೊತೆ 50 ಎಂಎಂ. ಇಷ್ಟನ್ನು ಮಾಡುವವರೂ ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆಯನ್ನು, ಮರೆಯುತ್ತಾರೆ. ಎರಡರಲ್ಲೂ ಎಫ್/5.6 ಇಟ್ಟರೆ ಮೀಡಿಯಂ ಫಾರ್ಮ್ಯಾಟಿನಲ್ಲಿ ಹಿನ್ನೆಲೆ ಹೆಚ್ಚು ಮಸುಕಾಗುವುದು ಸಹಜ, ಅದರಲ್ಲಿ ಮಾಯೆಯೇನೂ ಇಲ್ಲ. ಅಪರ್ಚರ್ ಸಂಖ್ಯೆಯನ್ನೂ ಅದೇ 0.79ರಿಂದ ಗುಣಿಸಿ, ಡಿಎಸ್‌ಎಲ್‌ಆರ್‌ನಲ್ಲಿ ಎಫ್/4.5 ಇಡಿ, ಆಗ ಫೋಕಸ್ಸಿನ ಆಳ ಸಮವಾಗುತ್ತದೆ.

ಉಳಿದದ್ದು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ. 2017ರಲ್ಲಿ ಬಂದ ನಿಕಾನ್ ಡಿ850ರ ಮೂಲ ಐಎಸ್‌ಒ 64, ಜಿಎಫ್‌ಎಕ್ಸ್ 100ಎಸ್‌ನದು 100. ಎಫ್/4.5ರಲ್ಲಿ 64 ಹಾಗೂ ಎಫ್/5.6ರಲ್ಲಿ 100 ಎಂದರೆ ಷಟರ್ ವೇಗ ಒಂದೇ ಆಗುತ್ತದೆ, ಎರಡು ಸೆನ್ಸರುಗಳ ಮೇಲೆ ಬೀಳುವ ಒಟ್ಟು ಬೆಳಕೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಆದ್ದರಿಂದ ನೆರಳಿನ ಭಾಗಗಳನ್ನು ಬೆಳಗಿಸಿದಾಗ ಕಾಣುವ ನಾಯ್ಸ್‌ನಲ್ಲಿ (ಕಾಳುಕಾಳಾದ ಚುಕ್ಕೆಗಳಲ್ಲಿ) ದೊಡ್ಡ ವ್ಯತ್ಯಾಸವನ್ನು ನಿರೀಕ್ಷಿಸಬೇಡಿ. ಮೂಲ ಐಎಸ್‌ಒ 100 ಇರುವ ಡಿಎಸ್‌ಎಲ್‌ಆರ್ ಆದರೆ ಮೀಡಿಯಂ ಫಾರ್ಮ್ಯಾಟಿಗೆ ಸುಮಾರು ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಲಾಭ ಉಂಟು. ಆದರೆ ಆ ಲಾಭ ಸಿಗುವುದು ಟ್ರೈಪಾಡ್ ಮೇಲಿಟ್ಟು ಷಟರನ್ನು ಹೆಚ್ಚು ಹೊತ್ತು ತೆರೆದಿಡಲು ಸಾಧ್ಯವಿರುವ ಕಡೆ ಮಾತ್ರ, ವಾಲಗಕ್ಕೆ ಕುಣಿಯುವವರ ನಡುವೆ ಅಲ್ಲ. ಎರಡರಲ್ಲೂ ರಾ ಫೈಲನ್ನೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲನ್ನೇ, ತೆಗೆಯಿರಿ. 'ಮೀಡಿಯಂ ಫಾರ್ಮ್ಯಾಟ್ ಲುಕ್' ಎಂಬ ಹೆಸರಿನಲ್ಲಿ ಮಾರುವ ಪ್ರಿಸೆಟ್‌ಗಳಿಗೆ (ಚಿತ್ರ ತಿದ್ದುವ ಸಿದ್ಧ ಹೊಂದಿಕೆಗಳಿಗೆ) ಒಂದು ರೂಪಾಯಿಯನ್ನೂ ಕೊಡಬೇಡಿ.

ಚಿತ್ರಕ್ಕೆ ಏನನ್ನು ಆರಿಸುವುದು? ಮಡಿಕೇರಿಯ ಮಂಜು ಬೇಡ; ಮಂಜು ಎಲ್ಲ ಕ್ಯಾಮೆರಾಗಳನ್ನೂ ಒಂದೇ ಮಟ್ಟಕ್ಕೆ ಇಳಿಸುತ್ತದೆ. ಬಿಳಿ ಕುಪ್ಯ (ಕೊಡವರ ಉದ್ದಂಗಿ) ಧರಿಸಿದ ಮದುಮಗನ ಪಕ್ಕದಲ್ಲಿ ಕಪ್ಪು ಕುಪ್ಯ ಧರಿಸಿದ ನೆಂಟರು, ಕೆಂಪು ರೇಷ್ಮೆ ಚೇಲೆಯಲ್ಲಿ (ನಡುಪಟ್ಟಿಯಲ್ಲಿ) ಸಿಕ್ಕಿಸಿದ ಪೀಚೆಕತ್ತಿ ಎಂಬ ಕಿರುಗತ್ತಿಯ ಬೆಳ್ಳಿ ಕುಸುರಿ, ಇವೆಲ್ಲ ಒಂದೇ ಚೌಕಟ್ಟಿನಲ್ಲಿದ್ದರೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಡ. ಕಪ್ಪು ಬಟ್ಟೆಯ ನೇಯ್ಗೆಯೂ ಬಿಳಿಯ ಮಡಿಕೆಯೂ ಒಟ್ಟಿಗೆ ಉಳಿದಿವೆಯೇ ಎಂದು ನೋಡಿ.

ಮುಂದಿನ ಹಂತ ಮುದ್ರಣ, ಪರದೆಯಲ್ಲ. ನಿಮ್ಮ ಗ್ರಾಹಕರು ಕೊಳ್ಳುವ ಗಾತ್ರದಲ್ಲಿಯೇ ಎರಡನ್ನೂ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಕಲಸಿ, ಮನೆಯವರ ಕೈಗೆ ಕೊಡಿ. ಮದುವೆ ಆಲ್ಬಂನ 12×36 ಇಂಚಿನ ಹಾಳೆಯ ಉದ್ದಕ್ಕೂ ಒಂದೇ ಚಿತ್ರ ಹರಡುವುದಾದರೆ ಡಿ850ರ 8256 ಪಿಕ್ಸೆಲ್ ಅಗಲ ಇಂಚಿಗೆ ಸುಮಾರು 229ರಂತೆ ಬರುತ್ತದೆ, ಆಲ್ಬಂ ನೋಡುವ ದೂರಕ್ಕೆ ಅದು ಧಾರಾಳ. 51 ಮೆಗಾಪಿಕ್ಸೆಲಿನ ಜಿಎಫ್‌ಎಕ್ಸ್ 50ಎಸ್‌ನ ಚಿತ್ರದ ಅಗಲವೂ 8256 ಪಿಕ್ಸೆಲ್ಲೇ. ಹೆಚ್ಚಿರುವುದು ಎತ್ತರ ಮಾತ್ರ, ಅದನ್ನು ಈ ಉದ್ದನೆಯ ಹಾಳೆಗಾಗಿ ಹೇಗೂ ಕತ್ತರಿಸಿ ಬಿಸಾಡುತ್ತೀರಿ. 100ಎಸ್‌ನ 11648 ಪಿಕ್ಸೆಲ್ ಅಗಲ ಉಪಯೋಗಕ್ಕೆ ಬರುವುದು ರೆಸಾರ್ಟಿನ ಗೋಡೆಗೆ ನಾಲ್ಕೈದು ಅಡಿಯ ಚಿತ್ರ ಹಾಕಿ, ಜನ ಹತ್ತಿರ ಬಂದು ಕಾಫಿ ಹೂವಿನ ಎಸಳು ನೋಡುವಂತಿದ್ದಾಗ.

ಚಿತ್ರದಲ್ಲಿ ಕಾಣದ ಲೆಕ್ಕವನ್ನೂ ಬರೆದಿಡಿ. ಫ್ಲ್ಯಾಶ್ ಸಿಂಕ್, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಷಟರ್ ವೇಗ, ಡಿ850ರಲ್ಲಿ 1/250 ಸೆಕೆಂಡ್, ಜಿಎಫ್‌ಎಕ್ಸ್‌ನಲ್ಲಿ 1/125. ನಡುಹಗಲಿನ ತೋಟದಲ್ಲಿ ಫ್ಲ್ಯಾಶ್ ಬಳಸುವವರಿಗೆ ಇದು ಸಣ್ಣ ಮಾತಲ್ಲ. ಲೆನ್ಸಿನೊಳಗೇ ಷಟರ್ ಇರುವ ಹ್ಯಾಸೆಲ್‌ಬ್ಲಾಡ್ ಎಕ್ಸ್ ಸರಣಿಯಲ್ಲಿ 1/2000ದವರೆಗೆ ಹೋಗಬಹುದು. 102 ಮೆಗಾಪಿಕ್ಸೆಲಿನ 16 ಬಿಟ್ ರಾ ಫೈಲನ್ನು ಕುಗ್ಗಿಸದೆ ಉಳಿಸಿದರೆ ಸುಮಾರು 200 ಎಂಬಿ. ಮದುವೆಗೆ ಎರಡು ಸಾವಿರ ಚಿತ್ರವೆಂದರೆ 400 ಜಿಬಿ.

ಮದುವೆಯೇ ಮುಖ್ಯ ದುಡಿಮೆಯಾಗಿದ್ದರೆ ಡಿಎಸ್‌ಎಲ್‌ಆರ್ ಇಟ್ಟುಕೊಳ್ಳಿ, ದೊಡ್ಡ ಮುದ್ರಣದ ಕೆಲಸ ಬಂದ ದಿನ ಮೀಡಿಯಂ ಫಾರ್ಮ್ಯಾಟ್ ಬಾಡಿಗೆಗೆ ತನ್ನಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಬಾಡಿಗೆ ಲೆನ್ಸ್ ಕೈಗೆ ಬಂದೊಡನೆ ಅಂಗಡಿಯವರ ಎದುರಿಗೇ ಒಳಗೆ ಟಾರ್ಚ್ ಬಿಟ್ಟು ಬೂಷ್ಟಿನ ಎಳೆಗಳಿವೆಯೇ ಎಂದು ನೋಡಿ, ಇದ್ದರೆ ಹಿಂತಿರುಗಿಸಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಅಕ್ಕಿ ತುಂಬಿಡುವ ಉಪಾಯದಿಂದ ಲೆನ್ಸಿಗೆ ಹಿಟ್ಟಿನ ದೂಳು ಅಂಟುತ್ತದೆಯೇ ವಿನಾ ತೇವ ಅಷ್ಟೇನೂ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಜೊತೆಗೆ ತೇವಾಂಶ ಶೇ 40ರಿಂದ 50ರ ನಡುವೆ ಇದೆಯೇ ಎಂದು ತೋರಿಸುವ ಪುಟ್ಟ ಮಾಪಕ ಇಡಿ.